ಸಾತಬಾರಾದಾಗ ಜಾಗಾ ಇಲ್ಲ

ತಲಾಠಿ ಸಾಹೇಬರು ಫೋನು ನನ್ನ ಕೈಯಾಗ ಕೊಟ್ಟು
ಬಾಂದಿನ ಮ್ಯಾಲ ಜಾಲಿ ನೆರಳಿಗೆ ಕುಂತರು.
ಸಾತಾರಾ ಕಡೆಯವರು, ನಮ್ಮ ಮಾತು ತಿಳಿಯೂದಿಲ್ಲ.
ನಾನು ಕೋತವಾಲ. ಕೇಳೂದು ಕನ್ನಡದಾಗ,
ಒತ್ತೂದು ಮರಾಠಿದಾಗ.

ಜತ್ತ ತಾಲೂಕು. ಗಟ ನಂಬರ ಎರಡನೂರಾ ಹದಿನಾಲ್ಕು.
ಕಲ್ಲವ್ವ ಮಗದೂಮ. ನಾಕ ಎಕರೆ ಹನ್ನೆರಡು ಗುಂಟೆ.
ಪೀಕು ಯಾವುದವ್ವಾ?

ಅಕಿ ನಕ್ಕಳು.
"ಯಾ ಕಡೆ ಮಾರಿ ಮಾಡಿ ಕೇಳ್ತೀ ಅನ್ನೂದರ ಮ್ಯಾಲ ಐತಿ."

ಮೂಡಣಕ್ಕ ತಿರುಗಿದರ ಬಿಳಿಜೋಳ, ಮೊಣಕಾಲ ಮಟ.
ಅದರ ಬುಡದ ಮಣ್ಣು ಶ್ರಾವಣದ ತನಕಾ ಹೆಸರಿಂದು,
ಕಾಯಿ ಹರಕೊಂಡು ಬಳ್ಳಿ ಅಲ್ಲೇ ಮಣ್ಣಾಗ ಮುಚ್ಚಿದ್ದು.
ಪಡುವಣಕ್ಕ ಸಜ್ಜಿ ಕೊಯ್ದ ಕೂಳಿ,
ಆರ ಸಾಲಿಗೊಮ್ಮೆ ನಡುವ ತೊಗರಿ, ಈಗಷ್ಟ ಮೊಗ್ಗಿ.
ಬಾಂದಿನ ಗುಂಟ ಕುಸುಬಿ, ಇನ್ನೂ ಎಳಿ;
ಮುಳ್ಳು ಬಲಿತ ಮ್ಯಾಲ ದನಾ ಮೂಗ ಹಚ್ಚಿ ಹಿಂದ ಸರೀತಾವ.
ತಗ್ಗಿನ ತುಂಡಿನಾಗ ಕಡ್ಲಿ.
ದಿಬ್ಬದ ಗರಸಿನಾಗ, ಮತ್ತೇನೂ ಬರದಲ್ಲಿ, ಹುರಳಿ.

ಫೋನಿನಾಗ ಒಂದ ಮನಿ. ಒಂದ ಹೆಸರಿಗಷ್ಟ ಜಾಗಾ.
ಮಿಶ್ರ ಅಂತ ಒತ್ತಿದರ ಮತ್ತ ಕೇಳತೈತಿ:
ಮುಖ್ಯ ಪೀಕು ಯಾವುದು?
ಓದಿ ಹೇಳಿದೆ.
"ಮನ್ಯಾಗ ಐದ ಮಂದಿ ಉಣ್ಣಾಕ ಕುಂತಾಗ
ಮುಖ್ಯ ಯಾರಂತ ಕೇಳ್ತಾರೇನೋ ತಮ್ಮಾ?"
ಸಾಹೇಬರು ಏನಂತಾಳ ಅಂದರು.
ಜ್ವಾರಿ ಅಂತಾಳ ಅಂದೆ.

ಮಿರಗದ ಮಳಿ ಈಗ ಮಿರಗದಾಗ ಬರೂದಿಲ್ಲ.
ಒಂದ ವರ್ಷ ಮಘಿಗೆ ಬಂತು.
ಇನ್ನೊಂದ ವರ್ಷ ರೋಹಿಣ್ಯಾಗ ಬಂದು ಆಸಿ ಹಚ್ಚಿ
ನಲವತ್ತ ದಿನಾ ಮಾರಿ ತೋರಿಸಲಿಲ್ಲ.
ಹೋದ ಸಲ ದೀಪಾವಳಿ ಮುಗದ ಮ್ಯಾಲ
ಎರಡ ರಾತ್ರಿ ಸುರುವಿ, ಬೋರ ನದಿ ರಸ್ತೆ ದಾಟಿತು.
ಕಲ್ಲವ್ವ ಒಂದ ಕಣ್ಣು ಪಂಚಾಂಗದ ಮ್ಯಾಲ ಇಡತಾಳ,
ಇನ್ನೊಂದು ಬೀಜದ ಗಡಿಗಿ ಮ್ಯಾಲ.

"ಮಳಿ ದಾರಿ ತಪ್ಪಿದ್ದು ಖರೇ.
ಎಲ್ಲಾರೂ ಒಂದ ಬಾಗಿಲದಾಗ ಕಾದು ನಿಂತರ
ಅದು ಹಿತ್ತಲಿಂದ ಬಂದು ಹೊಳ್ಳಿ ಹೋಗತೈತಿ.
ನಾ ನಾಕ ಬಾಗಿಲಾ ತಗದ ಇಟ್ಟೀನಿ."

ಪೂರ್ತಿ ಗೆದ್ದ ವರ್ಷ ಒಂದೂ ಇಲ್ಲ, ಅದನ್ನೂ ಹೇಳಿದಳು.
ಹೂವಿನಾಗ ಮಂಜು ಬಿದ್ದು ತೊಗರಿ ಉದುರಿದಾಗ
ಸಜ್ಜಿ ಆಗಲೇ ಮನಿ ಸೇರಿತ್ತು.
ಸಜ್ಜಿ ತೆನ್ಯಾಗ ಮೊಳಕಿ ಬಂದ ವರ್ಷ
ಅದನ್ನ ಕೆಡಿಸಿದ ಮಳೀನ ಕಡ್ಲಿಗೆ ಹದಾ ಆತು.
"ಒಂದು ಬಿದ್ದರ ಇನ್ನೊಂದು ಹೆಗಲ ಕೊಡತೈತಿ ಖರೇ,
ಆದರ ಇಷ್ಟಕ್ಕೂ ಕಸಾ ತಗಿಯಾಕ
ನನ್ನ ಸೊಂಟಾ ಒಂದೇ ಐತೆಪಾ."

ಬಾಂದಿನ ಮೂಲಿ ಮೂಲ್ಯಾಗ ಕಲ್ಲು ಇಟ್ಟಿದ್ದಳು.
ಗಡಿ ಕಲ್ಲಲ್ಲ, ದೇವರೂ ಅಲ್ಲ.
ಒಂದ ಕಲ್ಲಿದ್ದರ ಆ ತುಂಡಿನಾಗ ಹೋದ ಸಲ ತೆನಿ,
ಎರಡಿದ್ದರ ಕಾಯಿ, ಮೂರಿದ್ದರ ಎಣ್ಣಿ.
ಕಲ್ಲು ನೋಡಿ ಮುಂದಿನದು ಬಿತ್ತೂದು.
"ಒಂದ ಪೀಕು ಒಂದ ಕಡೆ ಮೂರ ವರ್ಷ ಕುಂತರ
ಮಣ್ಣಿಗೆ ಬ್ಯಾಸರಾ, ಹುಳಕ್ಕ ಮನಿ ಗುರ್ತ."

ಫೋನು ಫೋಟೊ ಬೇಡಿತು.
ಜೋಳಕ್ಕ ಹಿಡಿದೆ, ಅಂಚಿಗೆ ಕುಸುಬಿ ಇಣಕಿತು.
ಅದೇನದು ಅಂದರು ಸಾಹೇಬರು.
ಕುಂಪಣ, ಅಂದೆ. ಬೇಲಿ.
ಸುಳ್ಳೇನಲ್ಲ.

ಎರಡನೂರಾ ಹದಿನೈದು ಲಗೂ ಮುಗೀತು.
ಬಾಂದಿನಿಂದ ಬಾಂದಿಗೆ ಒಂದ ಪೀಕು, ಒಂದ ಮನಿ,
ಫೋನಿನಾಗ ಹಸರ ಗುರ್ತು ಬಿತ್ತು.

ತೆಂಕಣಕ್ಕ ಮಾಡ ಕಟ್ಟಿತ್ತು.
ಯಾವ ಮಳಿ ಇದು, ಸಾಹೇಬರು ಛತ್ರಿ ಹುಡುಕತಾ ಕೇಳಿದರು.
ಸ್ವಾತಿದಿರಬಹುದು, ಅಂದೆ.
ಇಲ್ಲಾಂದರ ಜೂನಿನಾಗ ಬರಬೇಕಾದದ್ದು.